ಲೈಸೆನ್ಸಿಗೆ ಹಚ್ಚಿದ ವಿಭೂತಿ

ತಾನು ಮಾರಿದ ಬಾರಿನ ಬೀಗದ ಕೈ ಗೊಂಚಲನ್ನು ಈಶಣ್ಣನ ಅಂಗೈಗೆ ಹಾಕಿದ ದಿನ ಟೋನಿ ಹೇಳಿದ್ದು ಎರಡೇ ಮಾತು. ಇಪ್ಪತ್ತೊಂದು ತುಂಬದವರಿಗೆ ಒಂದು ಗುಟುಕೂ ಹೊಯ್ಯಬೇಡ. ಈ ಸೂರಿನ ಕೆಳಗೆ ಯಾರನ್ನೂ ಜೂಜಾಡಲು ಬಿಡಬೇಡ.

"ಇಸ್ಪೀಟು, ದಾಳ, ಬೇಸ್‌ಬಾಲ್ ಮೇಲೆ ಪಂತ, ಯಾವುದೂ ಬೇಡ. ಕುಡಿಸೋಕೆ ಲೈಸೆನ್ಸ್ ಇರೋ ಕಡೆ ಆಡಿಸಿದರೆ, ಆಟವೂ ಹೋಗುತ್ತೆ, ಲೈಸೆನ್ಸೂ ಹೋಗುತ್ತೆ" ಎಂದು ತನ್ನ ಇಂಗ್ಲಿಷಿನಲ್ಲಿ ಎಚ್ಚರಿಸಿದ್ದ.

ಈಶಣ್ಣ ನಕ್ಕುಬಿಟ್ಟ. ಜೂಜಿನ ಮಾತು ಯಾರಿಗೆ ಹೇಳುತ್ತಿದ್ದಾನೆ ಈ ಮನುಷ್ಯ! ಹುನಗುಂದದ ಕಡೆಯ ಶರಣರ ಮನೆತನ ತಮ್ಮದು. ಅಮೇರಿಕಕ್ಕೆ ಹೊರಟಾಗ ಅವ್ವ ಶಿವಲಿಂಗಮ್ಮ ಕೊರಳಿನ ಲಿಂಗ ಮುಟ್ಟಿಸಿ ಆಣೆ ಹಾಕಿಸಿಕೊಂಡಿದ್ದಳು, ಕುಡಿಯಬಾರದು, ಜೂಜಾಡಬಾರದು ಅಂತ. ಇಪ್ಪತ್ತು ವರ್ಷ ಈಶಣ್ಣ ಎರಡನ್ನೂ ಮುಟ್ಟಲಿಲ್ಲ. ಬಿಯರಿನ ನೊರೆ ಕೈಗೆ ಸಿಡಿದರೂ ಹೋಗಿ ಸೋಪು ಹಾಕಿ ತೊಳೆದುಕೊಂಡು ಬರುತ್ತಿದ್ದ. ಮಾರಬಾರದು ಎಂದು ಮಾತ್ರ ಅವ್ವ ಹೇಳಿರಲಿಲ್ಲ. ಹೇಳಬೇಕೆಂದು ಆ ತಾಯಿಗೆ ಹೊಳೆಯುವುದಾದರೂ ಹೇಗೆ?

ನೀವು ಅವನನ್ನು ಆಡಿಕೊಳ್ಳುವ ಮೊದಲು ಅವನ ಪಾಡೂ ಕೇಳಿ. ಮಾತ್ರೆ ಒತ್ತುವ ಯಂತ್ರಗಳ ಕಾರ್ಖಾನೆಯಲ್ಲಿ ಅವನು ಇಂಜಿನಿಯರು. ಕಾರ್ಖಾನೆ ಬಾಗಿಲು ಹಾಕಿದಾಗ ಅವನಿಗೆ ಐವತ್ತು. ಅದೇ ಹೊತ್ತಿಗೆ ಊರೆಲ್ಲ ಕಂಪ್ಯೂಟರಿನ ಗಾಳಿ. ಎರಡು ಸಾವಿರನೇ ಇಸವಿ ಬಂದರೆ ಜಗತ್ತಿನ ಯಂತ್ರಗಳೆಲ್ಲ ಇಸವಿ ತಪ್ಪುತ್ತವಂತೆ, ಸರಿಮಾಡುವವರು ಬೇಕಂತೆ. ನಾಲ್ಕು ತಿಂಗಳು ಕೋರ್ಸ್ ಮಾಡಿದ ಹುಡುಗರು ಮೈಸೂರಿನಿಂದ ಇಳಿದು ಬಂದು ಹೊಸ ಕಾರು ಕೊಳ್ಳುತ್ತಿದ್ದರು. ಈಶಣ್ಣನೂ ಒಂದು ಕ್ಲಾಸಿಗೆ ಸೇರಿದ. ಪರದೆಯ ಮುಂದೆ ಕೂತರೆ ಅವನಿಗೆ ನಿದ್ದೆ ಬರುತ್ತಿತ್ತು, ಏನು ಮಾಡುತ್ತೀರಿ? ಕೊನೆಗೆ ಮನೆಯನ್ನು ಬ್ಯಾಂಕಿಗೆ ಅಡವಿಟ್ಟು, ಮಾನ್ಮತ್ ಜಂಕ್ಷನ್ ಹತ್ತಿರ ಟೋನಿಯ ಹಳೇ ಬಾರನ್ನು ಕೊಂಡ. ಟೋನಿ ಮಾರಿದ್ದೇನೋ ಮಾರಿದ, ಮನೆಯಲ್ಲಿ ಕೂರಲಾರದೆ ವಾರದೊಳಗೆ ವಾಪಸು ಬಂದು ಕೌಂಟರಿನ ಹಿಂದೆ ನಿಂತ.

ನಮ್ಮ ಜನ ಅದನ್ನು ಬಾರ್ ಎಂದು ಕರೆದವರೇ ಅಲ್ಲ. "ಈಶಣ್ಣನ ಹೋಟೆಲ್" ಅನ್ನುತ್ತಿದ್ದರು. ಬಸವ ಜಯಂತಿಯ ಸಮಾರಂಭದಲ್ಲಿ ಅವನನ್ನು ಮುಂದಿನ ಸಾಲಿನಲ್ಲಿ ಕೂರಿಸಿ "ಹೋಟೆಲ್ ಉದ್ಯಮಿಗಳು" ಎಂದು ಶಾಲು ಹೊದಿಸಿದ್ದರು. ಹೊದಿಸಿದವರಲ್ಲಿ ಅರ್ಧ ಜನ ಹಿಂದಿನ ಶುಕ್ರವಾರ ಅವನ ಕೌಂಟರಿಗೆ ಮೊಣಕೈ ಊರಿದ್ದವರೇ.

ಹೀಗೆ ಊರೇ ಮುಚ್ಚಿಟ್ಟ ಗುಟ್ಟು ಇನ್ನೇನು ಬಯಲಾಗಬೇಕು? ಆದರೂ, ಆರು ತಿಂಗಳ ವೀಸಾದ ಮೇಲೆ ಅವ್ವ ಬರುತ್ತಾಳೆ ಎಂದಾಗ ಈಶಣ್ಣ ಹೆದರಿದ. ಫೋನಿನಲ್ಲಿ ಅವಳಿಗೆ "ಖಾನಾವಳಿ ಹಾಕೀನವ್ವಾ" ಎಂದು ಹೇಳಿಬಿಟ್ಟಿದ್ದ. ಖಾನಾವಳಿ ಅಂದಮೇಲೆ ನೋಡಬೇಕು ಅಂದಳು. ನೋಡಿದ ಮೇಲೆ ರೊಟ್ಟಿ ಬಡಿಯಬೇಕು ಅಂದಳು.

ಈಶಣ್ಣ ಉಪಾಯ ಹೂಡಿದ. ಕಟ್ಟಡದ ಮುಂಭಾಗ ಬಾರು, ಹಿಂಭಾಗ ಊಟದ ಕೋಣೆ ಮತ್ತು ಅಡುಗೆಮನೆ, ನಡುವೆ ಒಂದು ಓಣಿಯಂಥ ದಾರಿ. ಅವ್ವ ಬರುವುದು ಭಾನುವಾರ ಮಾತ್ರ, ಅದೂ ಹಿಂದಿನ ಬಾಗಿಲಿನಿಂದ. ಮುಂದಿನ ಕಡೆಗೆ ಹೋಗದಂತೆ ಒಂದು ಮಾತು ಹೇಳಿದ: "ಆ ಕಡಿ ಹೋಗಬ್ಯಾಡವ್ವಾ, ಅದು ಮಾಂಸ ತಿನ್ನೋರ ಪಂಕ್ತಿ." ಅಷ್ಟು ಸಾಕಾಯಿತು. ಆ ಬಾಗಿಲಿನ ಕಡೆ ಶಿವಲಿಂಗಮ್ಮ ತಲೆಯಿಟ್ಟೂ ಮಲಗುವವಳಲ್ಲ.

ಆದರೆ ಮಧ್ಯದ ದಾರಿಯ ಗೋಡೆಯ ಮೇಲೆ, ಟೋನಿಯ ಕಾಲದಿಂದ ಇದ್ದ ಜಾಗದಲ್ಲೇ, ಗಾಜಿನ ಚೌಕಟ್ಟಿನಲ್ಲಿ ಲೈಸೆನ್ಸು ತೂಗುತ್ತಿತ್ತು. ಮೊದಲ ಭಾನುವಾರವೇ ಅವಳ ಕಣ್ಣು ಅದರ ಮೇಲೆ ಬಿತ್ತು.

"ಇದೇನೋ ಯಪ್ಪಾ, ಸಿಕ್ಕಾ ಹೊಡದ ಕಾಗದ?"

"ಸರಕಾರದ ಅಪ್ಪಣಿ, ಅವ್ವಾ. ಇದಿಲ್ಲಾಂದ್ರ ನಾವಿಲ್ಲ."

ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಮುಂದಿನ ಭಾನುವಾರ ಈಶಣ್ಣ ನೋಡುತ್ತಾನೆ, ಗಾಜಿನ ಮೇಲೆ ಢಾಳಾಗಿ ಮೂರೆಳೆ ವಿಭೂತಿ, ಚೌಕಟ್ಟಿನ ಮೂಲೆಗೆ ಸಿಗಿಸಿದ ಒಂದು ಹೂವು. ಅನ್ನ ಕೊಡುವ ಅಪ್ಪಣೆ ಅಂದಮೇಲೆ ಬರಿಗಾಜು ಬಿಡುವವಳೇ ಅವಳು? ಅಳಿಸಲು ಈಶಣ್ಣನ ಕೈ ಏಳಲಿಲ್ಲ. ಟೋನಿ ಬಂದು ಏನಿದು ಅಂದ. "ಇನ್ಶೂರೆನ್ಸ್" ಅಂದ ಈಶಣ್ಣ. ಟೋನಿ ಅರ್ಥವಾದವನಂತೆ ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡ. ಅವತ್ತಿನಿಂದ ಬೆಳಿಗ್ಗೆ ಬಂದವನೇ ಚೌಕಟ್ಟು ಮುಟ್ಟಿ ಕೌಂಟರಿಗೆ ಹೋಗುತ್ತಿದ್ದ.

ಭಾನುವಾರದ ರೊಟ್ಟಿಯ ಸುದ್ದಿ ಹಬ್ಬಲು ತಡವಾಗಲಿಲ್ಲ. ಮನ್ರೋ, ಹಿಲ್ಸ್‌ಬರೋ ಕಡೆಯಿಂದ ಒಂದೇ ಕಾರಿನಲ್ಲಿ ಆರೇಳು ಹುಡುಗರು ತುರುಕಿಕೊಂಡು ಬರತೊಡಗಿದರು. ಬಹಳಷ್ಟು ಮಂದಿ ಬೆಂಚಿನ ಮೇಲಿದ್ದವರು. ಒಂದು ಪ್ರಾಜೆಕ್ಟ್ ಮುಗಿದು ಇನ್ನೊಂದು ಸಿಗುವ ತನಕ ಕಂಪನಿಯ ಗೆಸ್ಟ್ ಹೌಸಿನಲ್ಲಿ ಮ್ಯಾಗಿ ಬೇಯಿಸಿಕೊಂಡು ಕಾಯುವುದಕ್ಕೆ ಅವರು ಹಾಗನ್ನುತ್ತಿದ್ದರು. ಅವರಲ್ಲಿ ಮೈಸೂರಿನ ಶಶಿಧರ ಎಂಬುವನು ಎಲ್ಲರಿಗಿಂತ ಜಾಣ, ಮಾತಿನಲ್ಲೂ ಮುಂದು. ಎಣಗಾಯಿ, ರೊಟ್ಟಿ, ಶೇಂಗಾ ಹಿಂಡಿ ಎಲ್ಲ ಆದಮೇಲೆ ಶಿವಲಿಂಗಮ್ಮ ಒಬ್ಬೊಬ್ಬನ ಕೈಗೂ ಐದೈದು ಶೇಂಗಾ ಉಂಡಿ ಕೊಡುತ್ತಿದ್ದಳು.

ಊಟ ಬಡಿಸಿದ್ದೇ ತಡ ಈಶಣ್ಣ ಸಾಮಾನು ತರಲು ಹೋಗಿಬಿಡುತ್ತಿದ್ದ. ವಾಪಸು ಬಂದು ಇಣುಕಿದರೆ ಹುಡುಗರೆಲ್ಲ ನೆಲದ ಮೇಲೆ ಜಮಖಾನೆ ಹಾಸಿಕೊಂಡು, ಬಾಗಿಲಿಗೆ ಬೆನ್ನು ಹಾಕಿ ಅವ್ವನ ಸುತ್ತ ಕೂತಿರುತ್ತಿದ್ದರು. ವಚನ ಹೇಳಿಕೊಡುತ್ತಿದ್ದಾಳೆ ಎಂದುಕೊಂಡು ಅವನ ಎದೆ ತುಂಬಿ ಬರುತ್ತಿತ್ತು. ಒಂದು ಸಂಗತಿ ಮಾತ್ರ ಬಗೆಹರಿಯಲಿಲ್ಲ. ಅವ್ವ ಬಂದ ಹೊಸದರಲ್ಲಿ ಒಂದೇ ಸಲ ಉಂಡಿ ಕಟ್ಟಿದ್ದಳು. ವಾರ ವಾರ ಹುಡುಗರಿಗೆ ಹಂಚಿದರೂ ಡಬ್ಬಿ ಬರಿದಾಗುತ್ತಿರಲಿಲ್ಲ.

"ಅವ್ವನ ಕೈಗುಣ ನೋಡ, ಅಕ್ಷಯಪಾತ್ರಿ" ಎಂದು ಹೆಂಡತಿ ರೇಣುವಿಗೆ ಹೇಳಿದ.

"ಹೌದ್ರಿ, ಕೈಗುಣಾನ" ಅಂದಳು ರೇಣು, ಮುಖ ಆ ಕಡೆ ತಿರುಗಿಸಿಕೊಂಡು.

ಶ್ರಾವಣ ಬಂತು, ಹಿಂದೆಯೇ ನಾಗರ ಪಂಚಮಿ. ನಮ್ಮ ಕಡೆ ಪಂಚಮಿ ಅಂದರೆ ಹೆಣ್ಣುಮಕ್ಕಳಿಗೆ ಜೋಕಾಲಿ, ಗಂಡಸರಿಗೆ ಪಂತ. ನಿಂಬೆಹಣ್ಣು ಎಷ್ಟು ಎಸೆತಕ್ಕೆ ಹನುಮಪ್ಪನ ಗುಡಿ ಮುಟ್ಟುತ್ತದೆ ಎನ್ನುವುದರಿಂದ ಹಿಡಿದು ಕವಡೆಯ ತನಕ, ಆ ಒಂದು ದಿನ ಜೂಜಿಗೆ ದೇವರ ಅಪ್ಪಣೆಯೇ ಇದ್ದಂತೆ. ಈಶಣ್ಣ ಅದನ್ನು ಮರೆತು ಯಾವ ಕಾಲವಾಗಿತ್ತೋ. ಅವನಿಗೆ ನೆನಪಿದ್ದದ್ದು ಉಂಡಿ ಮತ್ತು ಜೋಳದ ಅಳ್ಳು ಮಾತ್ರ. ಪಂಚಮಿಯ ಹಿಂದಿನ ಭಾನುವಾರ ಹಬ್ಬದ ಊಟ ಎಂದು ಎಲ್ಲರನ್ನೂ ಕರೆದ.

ಅವತ್ತು ಮುಂದಿನ ಕಡೆ ಬಾರಿನಲ್ಲಿ ದೊಡ್ಡ ಬೇಸ್‌ಬಾಲ್ ಆಟ ನೋಡಲು ಜನ ಕಿಕ್ಕಿರಿದಿತ್ತು. ಹಿಂದಿನ ಕಡೆ ಹಬ್ಬದೂಟ ಮುಗಿದಿತ್ತು. ಈಶಣ್ಣ ಎರಡರ ನಡುವಿನ ದಾರಿಯಲ್ಲಿ ನಿಂತು ಬೆವರು ಒರೆಸಿಕೊಳ್ಳುತ್ತಿದ್ದಾಗ ಟೋನಿ ಒಬ್ಬ ಎತ್ತರದ ಆಳನ್ನು ಕರೆತಂದ. ತುಂಬು ಮೀಸೆ, ಕೈಯಲ್ಲಿ ಬರೆಯುವ ಪ್ಯಾಡು, ಸೊಂಟದಲ್ಲಿ ಬಿಲ್ಲೆ. ಮದ್ಯದ ಲೈಸೆನ್ಸುಗಳ ಮೇಲೆ ಕಣ್ಣಿಡುವ ಇನ್‌ಸ್ಪೆಕ್ಟರ್. ಅದು ವರ್ಷಕ್ಕೊಮ್ಮೆ ಬರುವ ಮಾಮೂಲಿ ತಪಾಸಣೆ.

ಇನ್‌ಸ್ಪೆಕ್ಟರ್ ಮೊದಲು ನಿಂತಿದ್ದು ಲೈಸೆನ್ಸಿನ ಮುಂದೆ. ಬೆರಳಿನಿಂದ ಗಾಜು ಸವರಿ, ಬೆರಳಿಗಂಟಿದ ಬೂದಿ ನೋಡಿದ.

"ಬೆಂಕಿ ಗಿಂಕಿ ಏನಾದರೂ ಬಿದ್ದಿತ್ತಾ?"

"ಇಲ್ಲ ಸರ್, ಅದು ಪ್ರಾರ್ಥನೆ. ನಮ್ಮ ತಾಯಿ."

"ಲೈಸೆನ್ಸು ಬಂದವರಿಗೆಲ್ಲ ಓದಲು ಸಿಗಬೇಕು. ನಿಮ್ಮ ತಾಯಿ ನಿಮ್ಮ ಹೆಸರಿನ ಮೇಲೇ ಪ್ರಾರ್ಥನೆ ಮಾಡಿದ್ದಾರೆ. ಒರೆಸಿಬಿಡಿ."

ಅಷ್ಟರಲ್ಲಿ ಮುಗಿಯಬೇಕಿತ್ತು. ಇನ್‌ಸ್ಪೆಕ್ಟರ್ ಪ್ಯಾಡು ಮುಚ್ಚಿಯೂ ಆಗಿತ್ತು. ಆಗ ಊಟದ ಕೋಣೆಯ ಬಾಗಿಲಿನಾಚೆ ಹತ್ತು ಗಂಟಲು ಒಟ್ಟಿಗೆ ಕಿರುಚಿಕೊಂಡವು.

"ಎಂಟು! ಮತ್ತೆ ಎಂಟು ಬಿತ್ತು! ಶಶಿ, ಇಡೋ ಫೋನು!"

ಇನ್‌ಸ್ಪೆಕ್ಟರ್ ಬಾಗಿಲು ತಳ್ಳಿದ. ಹಿಂದೆ ನಿಂತಿದ್ದ ಈಶಣ್ಣನಿಗೆ ಅವನ ಭುಜದ ಮೇಲಿಂದ ಎಲ್ಲ ಕಂಡಿತು. ಜಮಖಾನೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದ ಆಟದ ಮನೆಗಳು. ಒಂದು ಪಕ್ಕ ಗುಡ್ಡೆ ಬಿದ್ದ ಶೇಂಗಾ ಉಂಡಿ. ಉಂಡಿಗಳ ನೆತ್ತಿಯ ಮೇಲೆ ಶಶಿಧರನ ಹೊಸ ಮೊಬೈಲ್ ಫೋನು. ಅದರ ಮುಂದೆ ಇಲಕಲ್ ಸೀರೆಯ ಸೆರಗು ಸೊಂಟಕ್ಕೆ ಬಿಗಿದು, ಮೊಣಕಾಲೂರಿ ಕೂತು, ಅಂಗೈಯಲ್ಲಿ ನಾಲ್ಕು ಕವಡೆ ಗಲಗಲ ಅನ್ನಿಸುತ್ತಿದ್ದವಳು ಅವನ ಹೆತ್ತ ತಾಯಿ. ಉಂಡಿಯ ಡಬ್ಬಿ ಯಾಕೆ ಬರಿದಾಗುತ್ತಿರಲಿಲ್ಲ ಎನ್ನುವುದು ಆಗ ಈಶಣ್ಣನಿಗೆ ತಿಳಿಯಿತು. ಊಟಕ್ಕೆ ಹಂಚಿದ್ದನ್ನು ಮುದುಕಿ ಆಟದಲ್ಲಿ ಗೆದ್ದು, ಅದೇ ಉಂಡಿಯನ್ನು ಮುಂದಿನ ವಾರ ಮತ್ತೆ ಹಂಚುತ್ತಿದ್ದಳು.

"ಇದೇನು?" ಅಂದ ಇನ್‌ಸ್ಪೆಕ್ಟರ್.

"ಹಬ್ಬ" ಅಂದ ಈಶಣ್ಣ. "ಧಾರ್ಮಿಕ ಹಬ್ಬ, ಸರ್."

"ಚರ್ಚಿನ ಬಿಂಗೋ ಕೂಡ ಧಾರ್ಮಿಕವೇ. ಅದಕ್ಕೂ ಬೇರೆ ಅಪ್ಪಣೆ ಬೇಕು, ಆ ಹಾಲಿನಲ್ಲಿ ಬಿಯರ್ ಮಾರೋ ಹಾಗಿಲ್ಲ." ಇನ್‌ಸ್ಪೆಕ್ಟರ್ ಕೆಟ್ಟವನಲ್ಲ, ಪಾಠ ಹೇಳುವ ಮೇಷ್ಟರಂತೆ ಬಿಡಿಸಿ ಹೇಳಿದ. "ನೋಡಿ, ನಾನು ನೋಡೋದು ಮೂರು. ಆಡೋರು ಏನಾದರೂ ಪಣಕ್ಕಿಡ್ತಾರಾ? ಫೋನು ಇಟ್ಟಿದ್ದಾರೆ. ಗೆದ್ದವರಿಗೆ ಏನಾದರೂ ಸಿಗುತ್ತಾ? ಸಿಗುತ್ತೆ. ಗೆಲ್ಲೋದು ಸೋಲೋದು ಅದೃಷ್ಟದ ಕೈಲಿದೆಯಾ? ಆ ಚಿಪ್ಪುಗಳನ್ನು ನೋಡಿದರೇ ಗೊತ್ತಾಗುತ್ತೆ. ಮೂರೂ ಇದ್ದರೆ ಜೂಜು. ಗೋಡೆಯಾಚೆ ನೀವು ಬಿಯರ್ ಮಾರ್ತಿದ್ದೀರಿ. ನಾನು ಬರೆಯಲೇಬೇಕು. ಬರೆದರೆ ಲೈಸೆನ್ಸು ಅಮಾನತು."

ಅಮಾನತು ಅಂದರೆ ಎಷ್ಟು ದಿನ ಎಂದು ಕೇಳುವ ಧೈರ್ಯ ಈಶಣ್ಣನಿಗಿರಲಿಲ್ಲ. ಬಾಗಿಲು ಹಾಕಿದ ಬಾರಿಗೆ ಬ್ಯಾಂಕು ಕರುಣೆ ತೋರಿಸುವುದಿಲ್ಲ. ಬಾರು ಹೋದರೆ ಮನೆ, ಮನೆ ಹೋದರೆ ದೂರದ ಕಾಲೇಜಿನಲ್ಲಿ ಓದುತ್ತಿದ್ದ ಮಗಳು ಅಕ್ಷಯಾಳ ಫೀಸು.

"ಏನಂತೋ ಈ ಮೀಸಿ?" ಶಿವಲಿಂಗಮ್ಮ ಕೂತಲ್ಲಿಂದಲೇ ಕೇಳಿದಳು.

"ಆಟ ಆಡಬಾರದಂತವ್ವಾ."

"ಯಾಕ? ಪಂಚಮ್ಯಾಗ ಆಡದ ಇನ್ನ ಶಿವರಾತ್ರ್ಯಾಗ ಆಡತಾರೇನು? ಖಾನಾವಳ್ಯಾಗ ನಾಕ ಉಂಡಿ ಇಟ್ಟ ಆಡಿದ್ರ ಇವಂದೇನು ಗಂಟ ಹೋತು?"

ಎಲ್ಲರೂ ಈಶಣ್ಣನನ್ನೇ ನೋಡಿದರು. ಖಾನಾವಳಿಯಲ್ಲಿ ಆಡಿದ್ದರೆ ಇನ್‌ಸ್ಪೆಕ್ಟರ್ ಯಾಕೆ ಬರುತ್ತಿದ್ದ? ತಪ್ಪು ಏನೆಂದು ಅವ್ವನಿಗೆ ಹೇಳಬೇಕಾದರೆ ಗೋಡೆಯಾಚೆ ಏನಿದೆ ಎಂದು ಮೊದಲು ಹೇಳಬೇಕು. ಈಶಣ್ಣ ರೇಣುವಿನ ಮುಖ ನೋಡಿದ. ಅವಳು ನೆಲ ನೋಡಿದಳು. ಕೆಲಸ ಕಳೆದುಕೊಂಡ ದಿನ ಆಗದಷ್ಟು ನಾಚಿಕೆ ಈಗ ಅವನಿಗಾಯಿತು.

"ಅವ್ವಾ, ಇದು ಖಾನಾವಳಿ ಅಲ್ಲ. ಆ ಕಡಿ ಇರೂದು ಮಾಂಸದ ಪಂಕ್ತಿನೂ ಅಲ್ಲ. ಶೆರೆ ಅಂಗಡಿ. ನಾ ಶೆರೆ ಮಾರತೀನಿ. ಶೆರೆ ಮಾರೂ ಕಡಿ ಜೂಜು ಆಡಂಗಿಲ್ಲ ಅಂತ ಇಲ್ಲಿ ಕಾಯ್ದೆ ಐತಿ."

ಕವಡೆಯ ಸದ್ದು ನಿಂತಿತು. ಮುದುಕಿ ಮಗನ ಮುಖವನ್ನು ಒಂದು ಸಲ ನೋಡಿ, ಕಣ್ಣು ತೆಗೆದು, ಮತ್ತೆ ಅವನ ಕಡೆ ತಿರುಗಲಿಲ್ಲ. ಮಾತಾಡಿದ್ದು ಇನ್‌ಸ್ಪೆಕ್ಟರನ ಮೀಸೆಯನ್ನು ನೋಡಿಕೊಂಡು.

"ಜೂಜು ಅಂದ್ರ ಏನಂತ ಅವನ ಲೆಕ್ಕದಾಗ?"

ಈಶಣ್ಣ ಮೂರೂ ಹೇಳಿದ. ಅವಳು ಬೆರಳು ಮಡಿಸಿಕೊಂಡು ಕೇಳಿದಳು.

"ನಸೀಬ ಇದ್ರ ಜೂಜು. ನಸೀಬ ಇಲ್ಲಾಂದ್ರ?"

"ಅಲ್ಲ."

"ಹಂಗಾದ್ರ ಅವನ್ನ ಕೂಡಸು."

ಒಂದು ಕುರ್ಚಿ ಎಳೆದುಕೊಟ್ಟರು. ಇನ್‌ಸ್ಪೆಕ್ಟರ್, ಅದ್ಯಾಕೆಂದು ಅವನಿಗೂ ತಿಳಿಯದೆ, ಕೂತ. ಒಂದರಿಂದ ನಾಲ್ಕರ ತನಕ, ಇಲ್ಲವೇ ಎಂಟು, ಯಾವ ಸಂಖ್ಯೆ ಬೇಕು ಕೇಳು ಎಂದು ಅವ್ವ ಹೇಳಿದ್ದನ್ನು ಈಶಣ್ಣ ಇಂಗ್ಲಿಷಿಗೆ ತಿರುಗಿಸಿದ. ಎಷ್ಟು ಕವಡೆ ಬಾಯಿ ಮೇಲಾಗಿ ಬೀಳುತ್ತವೋ ಅಷ್ಟು ಲೆಕ್ಕ; ನಾಲ್ಕೂ ಬೋರಲು ಬಿದ್ದರೆ ಎಂಟು.

"ಎರಡು" ಅಂದ ಇನ್‌ಸ್ಪೆಕ್ಟರ್.

ಕವಡೆ ಉರುಳಿದವು. ಎರಡು.

"ನಾಲ್ಕು."

ನಾಲ್ಕು. ಇನ್‌ಸ್ಪೆಕ್ಟರ್ ಕುರ್ಚಿಯ ತುದಿಗೆ ಜರುಗಿದ. ಬಾಗಿಲಲ್ಲಿ ನಿಂತಿದ್ದ ಟೋನಿ ಒಂದು ಹೆಜ್ಜೆ ಒಳಗೆ ಬಂದ.

"ಎಂಟು! ಎಂಟು ಹಾಕಲಿ ನೋಡೋಣ."

ಶಿವಲಿಂಗಮ್ಮ ಮುಷ್ಟಿ ಮುಚ್ಚಿಕೊಂಡಳು. "ಎರಡ ಸಲ ಪುಕ್ಕಟಿ ಆತು. ಇನ್ನ ಪಣ ಇಲ್ಲದ ಕವಡಿ ಬೀಳೂದಿಲ್ಲ. ಏನರ ಇಡು ಅನ್ನು."

ಈಶಣ್ಣ ಅಂಜುತ್ತಲೇ ಹೇಳಿದ. ಇನ್‌ಸ್ಪೆಕ್ಟರನ ಕಣ್ಣು ಕವಡೆಯ ಮೇಲಿತ್ತು, ಕೈ ಜೇಬಿಗೆ ಹೋಯಿತು, ಪೆನ್ನು ತೆಗೆದು ಉಂಡಿಗಳ ಪಕ್ಕ ಇಟ್ಟುಬಿಟ್ಟಿತು. "ಬೀಳಲ್ಲ" ಅಂದ. ಮೂರು ಬೋರಲಾಗಿ ನಿಂತವು, ನಾಲ್ಕನೆಯದು ಗಿರಕಿ ಹೊಡೆದು, ಯೋಚನೆ ಮಾಡಿ, ಅದೂ ಬೋರಲು ಬಿತ್ತು. ಹುಡುಗರು ಮತ್ತೆ ಕಿರುಚಿದರು. ಶಿವಲಿಂಗಮ್ಮ ಪೆನ್ನೆತ್ತಿ, ಸೊಂಟದ ಎಲೆಅಡಿಕೆಯ ಸಂಚಿಗೆ ಸೇರಿಸಿ, ದಾರ ಎಳೆದಳು.

ಇನ್‌ಸ್ಪೆಕ್ಟರ್ ಗಂಭೀರನಾಗಿ ಪ್ಯಾಡು ಬಿಚ್ಚಿದ. ಬರೆಯಲು ಜೇಬು ತಡವಿದ. ಇನ್ನೊಂದು ಜೇಬು ತಡವಿದ.

"ನನ್ನ ಪೆನ್ನು" ಅಂದ.

"ಗೆದ್ದೀನಿ" ಅಂದಳು ಶಿವಲಿಂಗಮ್ಮ, ಇಂಗ್ಲಿಷ್ ಬಂದವಳಂತೆ. ಆಮೇಲೆ ಮಗನಿಗೆ, "ಕೇಳವನ್ನ. ಈಗ ಬಿದ್ದದ್ದು ನಸೀಬದ್ದು ಅಂದ್ರ, ಸರಕಾರಿ ಕೆಲಸದ ಮ್ಯಾಲ ಬಂದಾಂವ, ಶೆರೆ ಅಂಗಡ್ಯಾಗ ಕುಂತು ಜೂಜಾಡ್ಯಾನ. ನಸೀಬದ್ದಲ್ಲ ಅಂದ್ರ ಇಲ್ಲಿ ಯಾರೂ ಜೂಜಾಡಿಲ್ಲ. ಯಾವುದು ಬರಕೋತಾನಂತ ಕೇಳು. ಸಾವಕಾಶ ಕೇಳು, ಅವಸರ ಇಲ್ಲ."

ಈಶಣ್ಣ ತನಗೆ ಗೊತ್ತಿದ್ದ ಮರ್ಯಾದೆಯ ಇಂಗ್ಲಿಷನ್ನೆಲ್ಲ ಬಳಿದು ಅದನ್ನು ಹೇಳಿದ. "ನಮ್ಮ ತಾಯಿಗೆ ಒಂದು ಸಣ್ಣ ಸಂಶಯ, ಸರ್" ಎಂದು ಶುರುಮಾಡಿದ. ಸಂಶಯ ಮುಗಿಯುವ ಹೊತ್ತಿಗೆ ಟೋನಿ ಕೆಮ್ಮು ಬಂದವನಂತೆ ಗೋಡೆಯ ಕಡೆ ತಿರುಗಿದ್ದ. ಇನ್‌ಸ್ಪೆಕ್ಟರನ ಮೀಸೆ ಒಂದು ಕಡೆ ಎಳೆಯಿತು, ಇನ್ನೊಂದು ಕಡೆ ಎಳೆಯಿತು. ಕೊನೆಗೆ ಅವನು ಪ್ಯಾಡು ಮುಚ್ಚಿದ.

"ಇದರಲ್ಲಿ ಅದೃಷ್ಟ ಅನ್ನೋದು ಇಲ್ಲವೇ ಇಲ್ಲ" ಅಂದ. "ನನ್ನ ಕಣ್ಣಾರೆ ನೋಡಿದ್ದೇನೆ."

ಶಶಿಧರನಿಗೆ ಆಗ ಜ್ಞಾನೋದಯವಾಯಿತು. ಬೆಂಚಿನ ಮೇಲಿದ್ದರೂ ಲೆಕ್ಕದಲ್ಲಿ ಅವನು ಪಳಗಿದವನು.

"ಅಜ್ಜಿ, ಅಂದ್ರೆ ಇಷ್ಟು ವಾರದಿಂದ ನಾನು ಸೋತಿದ್ದು? ನಾನು ಪ್ರಾಬಬಿಲಿಟಿ ಎಲ್ಲ ಕ್ಯಾಲ್ಕ್ಯುಲೇಟ್ ಮಾಡಿದ್ನಲ್ಲ! ಒಂದೂ ನಿಜ ಅಲ್ವಾ?"

"ನೀ ಸೋತದ್ದು ನಿಜ ಐತಲ್ಲೋ ತಮ್ಮಾ" ಎಂದು ಶಿವಲಿಂಗಮ್ಮ ಒಂದು ಕವಡೆ ತಿರುಗಿಸಿ ತೋರಿಸಿದಳು. ಬೇಕಾದ ಮಗ್ಗುಲಿಗೆ ಬೀಳಲೆಂದು ಬಾಯಿಯೊಳಗೆ ಅರಗು ತುಂಬಿ ಮೆತ್ತಿದ್ದಳು. ಅಂಥವು ಎರಡು, ಮಿಕ್ಕಿದ್ದು ಕೈಚಳಕ. "ಫೋನ ತಗೊ. ಉಂಡಿ ಕೊಡೂದಿಲ್ಲ."

ಇನ್‌ಸ್ಪೆಕ್ಟರ್ ಏಳುತ್ತ ಎರಡು ಮಾತು ಹೇಳಿದ. ಗಾಜು ಒರೆಸಿಡಬೇಕು. ಆ ಚಿಪ್ಪುಗಳು ಇನ್ನೊಮ್ಮೆ ಈ ಸೂರಿನ ಕೆಳಗೆ ಕಂಡರೆ, ಅರಗಿರಲಿ ಬಿಡಲಿ, ಬರೆದೇ ಬರೆಯುತ್ತೇನೆ. ಆಮೇಲೆ ಕೈಚಾಚಿ ಪೆನ್ನಿಗಾಗಿ ನಿಂತ. ಶಿವಲಿಂಗಮ್ಮ ಪೆನ್ನಿನ ಜೊತೆ ಒಂದು ಉಂಡಿಯನ್ನೂ ಅವನ ಅಂಗೈಗಿಟ್ಟಳು. ಕಾರಿನೊಳಗೆ ಕೂತು ಅವನು ಅದನ್ನು ತಿನ್ನುತ್ತಿದ್ದುದನ್ನು ಟೋನಿ ಕಿಟಕಿಯಿಂದ ಕಂಡ.

ಹುಡುಗರು ಜಮಖಾನೆ ಮಡಿಸಿಟ್ಟು, ಕಾಲು ಸದ್ದಾಗದಂತೆ ಜಾರಿಕೊಂಡರು. ಕೋಣೆಯಲ್ಲಿ ತಾಯಿ ಮಗ ಉಳಿದರು. ಬಡಿಗೆ ಬೀಳುತ್ತದೆ ಎಂದು ಗೊತ್ತಾದ ಮಗ ಮೊದಲು ತಾನೇ ಕೈಯೆತ್ತಿ ನೋಡುವುದುಂಟು. ಈಶಣ್ಣನೂ ಹಾಗೇ ಮಾಡಿದ.

"ಜೂಜಾಡಬ್ಯಾಡಂತ ನನ್ನ ಕಡೆ ಲಿಂಗ ಮುಟ್ಟಿಸಿ ಆಣಿ ಹಾಕಿಸ್ಕೊಂಡಿದ್ದೆಲ್ಲವ್ವಾ ನೀನು."

"ನಿನಗ ಬರೂದಿಲ್ಲಂತ ಹಾಕಿಸ್ಕೊಂಡಿದ್ದೆ. ನಿಮ್ಮಪ್ಪಗೂ ಬರತಿದ್ದಿಲ್ಲ. ಪಂಚಮ್ಯಾಗ ಅವರು ಸೋತು ಬಂದದ್ದನ್ನ ದಸರಿಯೊಳಗ ನಾನ ಗೆದ್ದು ತರತಿದ್ದೆ. ಊರಾಗ ಅವರ ಹೆಸರ ಹೋಗಬಾರದಂತ ಬಾಯಿ ಮುಚಗೊಂಡಿದ್ದೆ." ಅವಳು ನಡುವಿನ ದಾರಿಯ ಕಡೆ ಕೈ ಮಾಡಿದಳು. "ಅದಿರಲಿ. ಶ್ರಾವಣದಾಗ, ಶೆರೆ ಕಾಗದಕ್ಕ, ನನ್ನ ಕೈಲೆ ವಿಭೂತಿ ಹಚ್ಚಿಸಿದ್ಯಲ್ಲೋ ಈಶ್ಯಾ."

ಕಾರ್ಖಾನೆ ಮುಚ್ಚಿದ್ದು, ಕಂಪ್ಯೂಟರಿನ ಮುಂದೆ ತೂಕಡಿಸಿದ್ದು, ಅಡವಿಟ್ಟ ಮನೆ, ಎಲ್ಲವನ್ನೂ ಈಶಣ್ಣ ತಡೆತಡೆದು ಹೇಳಿದ. ಹೇಳುವಾಗ ಐವತ್ತು ದಾಟಿದ ಗಂಡಸು ಅತ್ತುಬಿಟ್ಟ. ಅವಳು ಸಮಾಧಾನ ಮಾಡಲಿಲ್ಲ. ಒದ್ದೆ ಬಟ್ಟೆ ತೆಗೆದುಕೊಂಡು ನಡುವಿನ ದಾರಿಗೆ ಹೋಗಿ, ಗಾಜಿನ ಮೇಲಿನ ಮೂರೂ ಎಳೆಗಳನ್ನು ತಾನೇ ಒರೆಸಿದಳು. ಮೂಲೆಯ ಹೂವು ಕಿತ್ತಳು. ಒಳಗಿನಿಂದ ಈಶಣ್ಣನ ಹೆಸರು ಕಾಣಿಸಿಕೊಂಡಿತು. ಅವಳಿಗೆ ಅದನ್ನು ಓದಲು ಬಾರದು, ಆದರೂ ಸ್ವಲ್ಪ ಹೊತ್ತು ನೋಡಿದಳು.

"ಶೆರೆ, ಜೂಜು, ಎರಡೂ ಒಂದ ಸೂರಿನ ಬುಡಕ ಇರಬಾರದಂತಲ್ಲ ಕಾಯ್ದೆ" ಅಂದಳು ತಿರುಗಿ. "ಖರೇ ಮಾತ. ಒಂದ ಮನ್ಯಾಗೂ ಇರಬಾರದು. ನಮ್ಮಿಬ್ಬರಾಗ ಒಬ್ಬರು ಬಿಡಬೇಕು. ಪಣ ಕಟ್ಟೂಣು. ನಾಕ ಬಿದ್ರ ನೀ ಶೆರೆ ಬಿಡು. ಎಂಟ ಬಿದ್ರ ನಾ ಕವಡಿ ಬಿಡತೀನಿ. ಒಪ್ಪಿಗಿ ಏನು?"

ಅವಳ ಕೈಯಲ್ಲಿ ಬೇಕೆಂದಾಗ ಬೇಕಾದದ್ದು ಬೀಳುತ್ತದೆ. ಅದನ್ನು ಈಗಷ್ಟೇ ನೋಡಿದ್ದಾನೆ. ಒಪ್ಪುವುದು ಅಂದರೆ ಮನೆ, ಮಗಳು, ಮುಂದಿನ ದಿನಗಳು ಎಲ್ಲವನ್ನೂ ಆ ಅಂಗೈಗೆ ಹಾಕಿದಂತೆ. ಆದರೂ ಅವಳ ಕೈಲಿ ಆ ವಿಭೂತಿ ಹಚ್ಚಿಸಿದವನು ತಾನು. ಈಶಣ್ಣ ತಲೆಯಾಡಿಸಿದ.

ಅವಳು ಅಲ್ಲೇ ಕೂರಲು ಹೋದಳು. ಟೋನಿ ಓಡಿ ಬಂದು ಎರಡೂ ಕೈ ಅಡ್ಡ ಹಿಡಿದ. "ಇಲ್ಲಿ ಬೇಡ! ಒಳಗೆ ಬೇಡ!" ಅಂದ. ಹೊರಗೆ ಕಾರು ನಿಲ್ಲಿಸುವ ಜಾಗಕ್ಕೆ ಬಂದರು. ಟೋನಿ ಅಲ್ಲಿಗೂ ಬಂದ. "ಇದೂ ಲೈಸೆನ್ಸಿನ ಜಾಗವೇ. ರಸ್ತೆ ದಾಟಿ." ಹೀಗೆ ಇಲಕಲ್ ಸೀರೆಯ ಶಿವಲಿಂಗಮ್ಮನೂ ಒದ್ದೆ ಕಣ್ಣಿನ ಈಶಣ್ಣನೂ ಭಾನುವಾರದ ಬಿಸಿಲಿನಲ್ಲಿ, ಎರಡೂ ಕಡೆ ನೋಡಿ ರಸ್ತೆ ದಾಟಿ, ಎದುರಿನ ಲಾಂಡ್ರಿ ಅಂಗಡಿಯ ಮುಂದಿನ ಬೆಂಚಿನ ಮೇಲೆ ಹೋಗಿ ಕೂತರು. ಒಳಗೆ ಯಾರದೋ ಬಟ್ಟೆಗಳು ಗಿರಗಿರ ತಿರುಗುತ್ತಿದ್ದವು.

ಅವಳು ಸಂಚಿ ಬಿಚ್ಚಿ ಕವಡೆ ಅಂಗೈಗೆ ಸುರಿದುಕೊಂಡಳು. ಬಹಳ ಹೊತ್ತು ಗಲಗಲ ಅನ್ನಿಸಿದಳು. ಅಷ್ಟು ಹೊತ್ತು ಅನ್ನಿಸಿದ್ದನ್ನು ಈಶಣ್ಣ ಆ ದಿನ ಕಂಡಿರಲಿಲ್ಲ. ಕಣ್ಣು ಮುಚ್ಚಿಕೊಂಡ. ಬೆಂಚಿನ ಮೇಲೆ ಕವಡೆ ಉರುಳಿದ ಸದ್ದು ಕೇಳಿತು, ನಿಂತಿತು.

ಕಣ್ಣು ಬಿಟ್ಟ. ನಾಲ್ಕೂ ಬೋರಲು ಬಿದ್ದಿದ್ದವು.

"ಎಂಟು" ಅಂದಳು ಶಿವಲಿಂಗಮ್ಮ. "ಸೋತೆ."

ಈಶಣ್ಣ ಅವಳ ಮುಖ ನೋಡಿದ. ಅವಳು ಲಾಂಡ್ರಿಯ ಗಾಜಿನೊಳಗೆ ಬಟ್ಟೆ ತಿರುಗುವುದನ್ನು ನೋಡುತ್ತಿದ್ದಳು.

"ಬೇಕಾದ್ರ ಇನ್ನೊಮ್ಮಿ ಒಗಿಯವ್ವಾ" ಅಂದ.

"ಬಿದ್ದದ್ದು ಬಿತ್ತು. ನನ್ನ ನಸೀಬ ಖೊಟ್ಟಿ." ಕವಡೆಗಳನ್ನು ಒಂದೊಂದಾಗಿ ಎತ್ತಿ ಅವನ ಅಂಗಿಯ ಜೇಬಿಗೆ ಹಾಕಿದಳು. ಅದೇ ಸಂಚಿಯಿಂದ ವಿಭೂತಿಯ ಗಟ್ಟಿ ತೆಗೆದು ಬೆರಳಿಗೆ ಉಜ್ಜಿಕೊಂಡಳು. "ಇನ್ನ ಕಾಗದಕ್ಕ ಹಚ್ಚೂದಿಲ್ಲ. ಬಗ್ಗು ಇತ್ತ."

ಈಶಣ್ಣ ಬಗ್ಗಿದ. ಅವಳು ಅವನ ಹಣೆಯ ಮೇಲೆ ಮೂರೆಳೆ ಎಳೆದಳು, ಗಾಜಿನ ಮೇಲೆ ಎಳೆದಿದ್ದಷ್ಟೇ ಢಾಳಾಗಿ. ರಸ್ತೆಯ ಆಚೆ ಬದಿಯಿಂದ ಟೋನಿ, ಯಾರು ಗೆದ್ದರು ಎಂದು ಕೈ ತಿರುಗಿಸಿ ಕೇಳುತ್ತಿದ್ದ.

ಮುಂದಿನ ಭಾನುವಾರ ಹುಡುಗರು ತಮ್ಮ ಪಾಲಿನ ಉಂಡಿಗಳನ್ನೆಲ್ಲ ತಿಂದು ಕೈ ತೊಳೆದುಕೊಂಡರು. ಡಬ್ಬಿ ಮೊದಲ ಸಲ ಬರಿದಾಯಿತು. ರೇಣು ಹೊಸದಾಗಿ ಶೇಂಗಾ ಹುರಿಯಲು ಇಟ್ಟಳು.